ಹುಡುಗನ ಕೆಚ್ಚು ಸರಿ, ಅವನ ಅಮ್ಮನ ಪಾಡು?

ಮೇಷ್ಟ್ರೇ, ನಿಮ್ಮ ಪತ್ರ ಓದಿ ಖುಷಿಯಾಯಿತು, ಜೊತೆಗೆ ಸ್ವಲ್ಪ ಸಿಟ್ಟೂ ಬಂತು. ಕಳೆದ ಸಂಚಿಕೆಯಲ್ಲಿ ಬಂದ ಜಾಕ್ ಕಾರ್ನ್‌ವೆಲ್ ಎಂಬ ಇಂಗ್ಲಿಷ್ ನಾವಿಕ ಹುಡುಗನ ಲೇಖನ ನಿಮಗೆ ಅರ್ಧ ಮಾತ್ರ ಹಿಡಿಸಿದೆ. ಹದಿನಾರನೇ ವಯಸ್ಸಿಗೆ ಯುದ್ಧದ ಹಡಗಿನ ಮೇಲೆ ಪ್ರಾಣ ಕೊಟ್ಟವನ ಕಥೆ ಈಗಿನ ಮೊಬೈಲ್ ಮಕ್ಕಳಿಗೆ ಪಾಠವಾಗಬೇಕು, ಆದರೆ ಕೊನೆಯಲ್ಲಿ ತಾಯಿಯ ಬಡತನ ತಂದು ಲೇಖಕರು ಕಥೆಯ ಕಳೆ ತೆಗೆದರು ಅಂತ ಬರೆದಿದ್ದೀರಿ.

ಕೆಚ್ಚಿನ ಮಾತು ಒಪ್ಪಿದೆ. 1916ರ ಮೇ 31, ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಮತ್ತು ಜರ್ಮನ್ ನೌಕಾಪಡೆಗಳ ನಡುವೆ ನಡೆದ ಜಟ್‌ಲೆಂಡ್ ಕದನ. ಅವನಿದ್ದ ಚೆಸ್ಟರ್ ಎಂಬ ಹಡಗು ನಾಲ್ಕು ಜರ್ಮನ್ ಕ್ರೂಸರ್‌ಗಳ, ಅಂದರೆ ವೇಗದ ಯುದ್ಧನೌಕೆಗಳ, ಕೈಗೆ ಸಿಕ್ಕಿಬಿತ್ತು. ಫಿರಂಗಿಯ ಸುತ್ತ ಇದ್ದವರೆಲ್ಲ ಸತ್ತರು ಅಥವಾ ಗಾಯಗೊಂಡು ಬಿದ್ದರು. ಎದೆಗೆ ಉಕ್ಕಿನ ಚೂರು ಹೊಕ್ಕಿದ್ದರೂ ಈ ಹುಡುಗ ಆಜ್ಞೆಗೆ ಕಾಯುತ್ತಾ ಅಲ್ಲೇ ನಿಂತಿದ್ದ. ಇದನ್ನು ಯಾರೂ ಅಲ್ಲಗಳೆಯುವುದಿಲ್ಲ.

ಆದರೆ ಅವನು ಹಡಗಿನ ಮೇಲೆ ಸಾಯಲಿಲ್ಲ, ಮೇಷ್ಟ್ರೇ. ಸತ್ತದ್ದು ಜೂನ್ 2ಕ್ಕೆ, ಇಂಗ್ಲೆಂಡಿನ ಗ್ರಿಮ್ಸ್‌ಬಿ ಎಂಬ ಬಂದರು ಊರಿನ ಆಸ್ಪತ್ರೆಯಲ್ಲಿ. ಸುದ್ದಿ ತಿಳಿದು ಅಮ್ಮ ಓಡಿ ಬರುವಷ್ಟರಲ್ಲಿ ಮುಗಿದಿತ್ತು. ಇದೂ ಲೇಖನದಲ್ಲೇ ಇತ್ತು. ನೀವು ನಿಮಗೆ ಬೇಕಾದಷ್ಟನ್ನೇ ಓದಿ ಉಳಿದದ್ದು ಬಿಟ್ಟಿರಿ ಅನಿಸುತ್ತದೆ.

ಅವನು ಯಾರು ಅಂತಲೂ ನೋಡೋಣ. ಬ್ರೂಕ್ ಬಾಂಡ್ ಟೀ ಗಾಡಿಯಲ್ಲಿ ಸರಕು ಮುಟ್ಟಿಸುತ್ತಿದ್ದ, ಲಂಡನ್ನಿನ ಬಡವರ ಮನೆ ಹುಡುಗ. 1915ರಲ್ಲಿ ಅಪ್ಪನನ್ನು ಕೇಳದೆ ನೌಕಾಪಡೆಗೆ ಸೇರಿದ. ಚೆಸ್ಟರ್ ಹತ್ತಿದ್ದೇ ಆ ಮೇ ತಿಂಗಳಲ್ಲಿ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಅಧಿಕಾರಿ ಹೇಳಿದ ದೂರಕ್ಕೆ ತಕ್ಕಂತೆ ಫಿರಂಗಿಯ ಗುರಿಯ ಬಿಲ್ಲೆ ತಿರುಗಿಸುವುದು ಅವನ ಕೆಲಸ. ಫಿರಂಗಿಯ ಮುಂದೆ ರಕ್ಷಣೆಗೆ ಅಂತ ಉಕ್ಕಿನ ಹಲಗೆ ಇತ್ತು, ಆದರೆ ಅದು ಡೆಕ್‌ವರೆಗೆ ಇಳಿದಿರಲಿಲ್ಲ. ಆ ಸಂದಿಯಲ್ಲಿ ನುಗ್ಗಿದ ಚೂರುಗಳು ಆ ಹಡಗಿನ ಎಷ್ಟೋ ಜನರ ಕಾಲು ಕತ್ತರಿಸಿ ಹಾಕಿದವು. ಹುಡುಗ ಕದಲದೆ ನಿಂತ ಅಂತ ನೂರು ವರ್ಷದಿಂದ ಹಾಡಿ ಹೊಗಳುತ್ತೇವೆ. ಆ ಹಲಗೆ ಯಾಕೆ ಗಿಡ್ಡ ಇತ್ತು ಅಂತ ಕೇಳುವವರು ಎಷ್ಟು ಜನ?

ಆಮೇಲಿನದು ಇನ್ನೂ ಚೆನ್ನಾಗಿದೆ. ಮೊದಲು ಅವನನ್ನು ಹೂತದ್ದು ಬಡವರ ಸಾಮಾನ್ಯ ಗುಂಡಿಯಲ್ಲಿ. ಪತ್ರಿಕೆಗಳು ಗಲಾಟೆ ಎಬ್ಬಿಸಿದ ಮೇಲೆ ಹೊರತೆಗೆದು, ಜುಲೈ 29ರಂದು ಸಕಲ ಗೌರವದೊಂದಿಗೆ ಮತ್ತೆ ಹೂತರು. ಬ್ರಿಟನ್ನಿನ ಅತಿ ದೊಡ್ಡ ಶೌರ್ಯಪದಕ ವಿಕ್ಟೋರಿಯಾ ಕ್ರಾಸ್ ಬಂತು. ಚಿತ್ರ ಬರೆಸಬೇಕಲ್ಲ, ಸತ್ತವನು ಎಲ್ಲಿಂದ ಬರಬೇಕು, ಅವನ ತಮ್ಮನನ್ನೇ ಕಲಾವಿದರ ಮುಂದೆ ನಿಲ್ಲಿಸಿದರು! ಶಾಲಾಮಕ್ಕಳಿಂದ ಪೆನ್ನಿ ಪೆನ್ನಿ ಕೂಡಿಸಿ ನಿಧಿ ಎತ್ತಿದರು. ಗಾಯಗೊಂಡ ನಾವಿಕರ ಆರೈಕೆಗೆ ಅಂತ ಎತ್ತಿದ್ದು, ಅದು ತಪ್ಪಲ್ಲ. ಆದರೆ ಅದೇ ಅಕ್ಟೋಬರಿನಲ್ಲಿ ಅಪ್ಪ ತೀರಿಕೊಂಡರು. ನವೆಂಬರಿನಲ್ಲಿ ಅಮ್ಮ ಲಿಲಿ ಅರಮನೆಗೆ ಹೋಗಿ ರಾಜನ ಕೈಯಿಂದ ಮಗನ ಪದಕ ತಂದರು. 1918ರಲ್ಲಿ ಮಲಮಗನೂ ಫ್ರಾನ್ಸಿನ ಯುದ್ಧದಲ್ಲಿ ಸತ್ತ. ಹೊಟ್ಟೆಪಾಡಿಗೆ ಆಕೆ ನಾವಿಕರ ಹಾಸ್ಟೆಲಿನಲ್ಲಿ ಕೆಲಸ ಮಾಡಬೇಕಾಯಿತು. 1919ರಲ್ಲಿ, ಇನ್ನೂ ಐವತ್ತು ತುಂಬುವ ಮೊದಲೇ, ಬಡತನದಲ್ಲೇ ತೀರಿಕೊಂಡರು. ಇದನ್ನು ಬಿಟ್ಟು ಕಥೆ ಹೇಳಿ ಅಂತೀರಲ್ಲ, ಹೇಗೆ ಹೇಳೋದು ಮೇಷ್ಟ್ರೇ?

ನಮ್ಮದೂ ಹಳೇ ಚಾಳಿಯೇ. ಅಭಿಮನ್ಯುವಿನ ಕಥೆ ಬಂದಾಗ ಕಣ್ಣು ಒದ್ದೆ ಮಾಡಿಕೊಳ್ಳುತ್ತೇವೆ. ಹೊರಬರುವ ದಾರಿ ತನಗೆ ಗೊತ್ತಿಲ್ಲ ಅಂತ ಅವನೇ ಹೇಳಿದ್ದ. ಆದರೂ ವ್ಯೂಹ ಒಡೆ, ಹಿಂದೆ ನಾವಿದ್ದೇವೆ ಅಂದ ದೊಡ್ಡಪ್ಪಂದಿರೆಲ್ಲ ಸೈಂಧವನ ಅಡ್ಡಗಟ್ಟಿಗೆ ಹೊರಗೇ ಉಳಿದರು. ಅವರ ಬಗ್ಗೆ ಎಷ್ಟು ಪದ್ಯ ಬಂದಿದೆ ಹೇಳಿ. ನಮ್ಮ ಕಚೇರಿಗೂ ಡಿಸೆಂಬರ್ ಬಂದರೆ ವೀರಮರಣದ ಕವನಗಳ ರಾಶಿ ಬೀಳುತ್ತದೆ. ಸತ್ತವರ ಮನೆಗೆ ಪಿಂಚಣಿ ಸರಿಯಾಗಿ ಬರುತ್ತಿದೆಯಾ ಅಂತ ವಿಚಾರಿಸಿ ಬರೆದ ಲೇಖನಕ್ಕೆ ನಾನೇ ಅಂಗಲಾಚಬೇಕು. ಕವನ ಬರೆಯೋದು ಸುಲಭ ನೋಡಿ, ಯಾವ ಕಚೇರಿಯ ಮೆಟ್ಟಿಲೂ ಹತ್ತಬೇಕಿಲ್ಲ.

ಆಗ ಹದಿನಾರರ ಹುಡುಗರನ್ನು ಫಿರಂಗಿ ಮುಂದೆ ನಿಲ್ಲಿಸುವುದು ಬ್ರಿಟಿಷ್ ನೌಕಾಪಡೆಯಲ್ಲಿ ಮಾಮೂಲು. ಪಡೆಯಲ್ಲಿ 'ಬಾಯ್' ಅಂತಲೇ ಒಂದು ದರ್ಜೆ ಇತ್ತು. ಕಾಲ ಬದಲಾಗಿದೆ ಅನ್ನಬೇಡಿ, ಅಪ್ಪಅಮ್ಮ ಒಪ್ಪಿದರೆ ಬ್ರಿಟನ್ ಈಗಲೂ ಹದಿನಾರಕ್ಕೇ ಸೇನೆಗೆ ಸೇರಿಸಿಕೊಳ್ಳುತ್ತದೆ. ಹದಿನೆಂಟು ತುಂಬುವ ತನಕ ಕದನಕ್ಕೆ ಕಳಿಸುವುದಿಲ್ಲ, ಅಷ್ಟೇ ವ್ಯತ್ಯಾಸ.

ಇನ್ನು ಮೊಬೈಲ್ ಮಕ್ಕಳು. ಅವರನ್ನು ಬೈಯಿರಿ, ಬೇಡ ಅನ್ನೋದಿಲ್ಲ, ನಾನೂ ಮನೆಯಲ್ಲಿ ಬೈಯುತ್ತೇನೆ. ಆದರೆ ಬೈಯಲು ಸತ್ತ ಹುಡುಗನನ್ನು ಬೆತ್ತ ಮಾಡಿಕೊಳ್ಳಬೇಡಿ. ಮೂವತ್ತು ವರ್ಷ ಪಾಠ ಹೇಳಿದವರು ನೀವು. ಹದಿನಾರರ ಹುಡುಗನಿಗೆ ಯಾವುದು ಧೈರ್ಯ, ಯಾವುದು ಹೆದರಿಕೆ, ಯಾವುದು ಸುಮ್ನೆ ಎಲ್ಲಿ ಹೋಗಬೇಕೆಂದು ತೋಚದೆ ನಿಂತದ್ದು ಅಂತ ನನಗಿಂತ ನಿಮಗೆ ಜಾಸ್ತಿ ಗೊತ್ತಿರಬೇಕು, ಅಲ್ವಾ?

ಲೇಖನವನ್ನು ನಿಮ್ಮೂರಿನ ಶಾಲೆಯಲ್ಲಿ ಓದಿಸಲು ಅನುಮತಿ ಕೇಳಿದ್ದೀರಿ. ಧಾರಾಳವಾಗಿ ಓದಿಸಿ, ದುಡ್ಡು ಕಾಸು ಏನೂ ಬೇಡ. ಕೊನೆಯ ಎರಡು ಪ್ಯಾರಾ ಮಾತ್ರ ಕತ್ತರಿಸುವಂತಿಲ್ಲ.