ಕ್ಷುದ್ರಗ್ರಹಕ್ಕೂ ಬಾಲ ಇರುತ್ತದಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕ್ಷುದ್ರಗ್ರಹ ಅಂದರೆ ಕಲ್ಲು, ಧೂಮಕೇತು ಅಂದರೆ ಮಂಜುಗಡ್ಡೆ ಎಂದು ಮಗಳಿಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. ಆದರೆ ಡಿಸೆಂಬರಿನ ಜೆಮಿನಿಡ್ ಉಲ್ಕಾಪಾತಕ್ಕೆ ಕಾರಣ ಒಂದು ಕ್ಷುದ್ರಗ್ರಹವಂತೆ. ಬರೀ ಕಲ್ಲು ಅಷ್ಟೊಂದು ಧೂಳು ಉದುರಿಸುವುದು ಹೇಗೆ? (ಹಾಸನದ ಓದುಗರು)

ಶಾಲೆಯ ಪಾಠ ತಪ್ಪೇನಲ್ಲ. ಆದರೆ ಅದು ಎರಡು ತುದಿಗಳನ್ನು ಮಾತ್ರ ಹೇಳುತ್ತದೆ. ಕಲ್ಲೋ ಮಂಜೋ ಅನ್ನುವುದು ಎರಡು ವಿಷಯಗಳ ಮೇಲೆ ನಿಂತಿದೆ: ಆ ಕಾಯ ಹುಟ್ಟಿದ್ದು ಎಲ್ಲಿ, ಆಮೇಲೆ ಅದು ಎಷ್ಟು ಬಿಸಿಲು ತಿಂದಿತು.

ಸುಮಾರು 460 ಕೋಟಿ ವರ್ಷಗಳ ಹಿಂದೆ ಎಳೆಯ ಸೂರ್ಯನ ಸುತ್ತ ಅನಿಲ ಮತ್ತು ಧೂಳು ಸುತ್ತುತ್ತಿತ್ತು. ಸೂರ್ಯನ ಹತ್ತಿರ ವಿಪರೀತ ಶಾಖ. ಅಲ್ಲಿ ನೀರು ಆವಿಯಾಗಿಯೇ ಉಳಿಯಿತು, ಕಲ್ಲು ಮತ್ತು ಲೋಹ ಮಾತ್ರ ಗಟ್ಟಿಯಾದವು. ಒಂದಷ್ಟು ದೂರ ದಾಟಿದ ಮೇಲೆ ನೀರೂ ಹೆಪ್ಪುಗಟ್ಟಿ ಧೂಳಿನ ಜೊತೆ ಸೇರಿಕೊಂಡಿತು. ಈ ಗಡಿಗೆ ಹಿಮರೇಖೆ ಎನ್ನುತ್ತಾರೆ. ಮಂಗಳ ಮತ್ತು ಗುರು ಗ್ರಹಗಳ ನಡುವೆ ಈಗ ಕ್ಷುದ್ರಗ್ರಹ ಪಟ್ಟಿ ಇದೆಯಲ್ಲ, ಹೆಚ್ಚುಕಡಿಮೆ ಅದರ ಆಸುಪಾಸಿನಲ್ಲೇ ಆ ಗಡಿ ಇತ್ತು. ಹಾಗಾಗಿ ಪಟ್ಟಿಯಲ್ಲಿ ಎರಡೂ ಜಾತಿಯವು ಸಿಗುತ್ತವೆ. ನಾಸಾದ ಡಾನ್ ನೌಕೆ 2011ರಲ್ಲಿ ವೆಸ್ಟಾ ಎಂಬ 525 ಕಿ.ಮೀ. ಅಗಲದ ಕಾಯವನ್ನು ತಲುಪಿತು. ಅದು ಒಂದು ಕಾಲದಲ್ಲಿ ಕರಗಿ ಲಾವಾ ಹರಿಸಿದ ಒಣ ಬಂಡೆ. ಅದೇ ನೌಕೆ 2015ರಲ್ಲಿ ಸೆರೆಸ್‌ಗೆ ಹೋದಾಗ ಕಂಡದ್ದೇ ಬೇರೆ. ಸೆರೆಸ್ ಸುಮಾರು 940 ಕಿ.ಮೀ. ಅಗಲವಿದೆ, ಅದರ ತೂಕದಲ್ಲಿ ಕಾಲು ಭಾಗದಷ್ಟು ನೀರೇ ಎಂದು ಲೆಕ್ಕ ಹಾಕಿದ್ದಾರೆ. ಅದರ ಒಕೇಟರ್ ಕುಳಿಯಲ್ಲಿ ಹೊಳೆಯುವ ಬಿಳಿ ಕಲೆಗಳು ಸೋಡಿಯಂ ಕಾರ್ಬೊನೇಟ್. ಒಳಗಿನಿಂದ ಉಕ್ಕಿದ ಉಪ್ಪುನೀರು ಒಣಗಿ ಉಳಿದ ಲವಣ ಅದು.

ಇನ್ನು ಬಿಸಿಲಿನ ಕಥೆ. ಗಾಳಿಯಿಲ್ಲದ ಜಾಗದಲ್ಲಿ ಮಂಜುಗಡ್ಡೆ ಕರಗಿ ನೀರಾಗುವುದಿಲ್ಲ. ಬೀರುವಿನಲ್ಲಿಟ್ಟ ನುಸಿಗುಳಿಗೆಯ ಹಾಗೆ ನೇರವಾಗಿ ಆವಿಯಾಗಿ ಹೋಗುತ್ತದೆ. ಹೋಗುವಾಗ ಧೂಳನ್ನೂ ಎಬ್ಬಿಸಿಕೊಂಡು ಹೋಗುತ್ತದೆ, ಅದೇ ಧೂಮಕೇತುವಿನ ಬಾಲ. ಮತ್ತೆ ಮತ್ತೆ ಸೂರ್ಯನ ಹತ್ತಿರ ಬಂದು ಹೋದರೆ ಮೇಲಿನ ಮಂಜು ಮುಗಿದು ಕಪ್ಪು ಧೂಳಿನ ಪದರ ಕೂರುತ್ತದೆ. ಆಮೇಲೆ ಬಾಲ ಬರುವುದಿಲ್ಲ. ದೂರದರ್ಶಕದಲ್ಲಿ ನೋಡಿದವರು ಅದನ್ನು ಕ್ಷುದ್ರಗ್ರಹ ಎಂದೇ ಬರೆದುಕೊಳ್ಳುತ್ತಾರೆ.

ಇದರ ಉಲ್ಟಾ ಕೂಡ ನಡೆದಿದೆ. 1979ರಲ್ಲಿ ಕ್ಷುದ್ರಗ್ರಹ ಎಂದು ದಾಖಲಾದ ಒಂದು ಕಾಯಕ್ಕೆ 1996ರಲ್ಲಿ ಇದ್ದಕ್ಕಿದ್ದಂತೆ ಬಾಲ ಕಾಣಿಸಿತು. ಎಲ್ಸ್ಟ್-ಪಿಸಾರೊ ಎಂಬ ಆ ಕಾಯಕ್ಕೆ ಈಗ ಎರಡು ನಂಬರ್. ಕ್ಷುದ್ರಗ್ರಹಗಳ ದಾಖಲೆಯಲ್ಲಿ 7968, ಧೂಮಕೇತುಗಳ ದಾಖಲೆಯಲ್ಲಿ 133. ಕ್ಷುದ್ರಗ್ರಹ ಪಟ್ಟಿಯಲ್ಲಿ ಇಂಥವು ಇನ್ನೂ ಸಿಕ್ಕಿವೆ. ಅವುಗಳಲ್ಲಿ ಒಂದಾದ ರೀಡ್ ಧೂಮಕೇತುವಿನ ಸುತ್ತ ನೀರಾವಿ ಇರುವುದನ್ನು ಜೇಮ್ಸ್ ವೆಬ್ ದೂರದರ್ಶಕ ನೋಡಿದೆ ಎಂದು 2023ರಲ್ಲಿ ವರದಿಯಾಯಿತು. ಅಂದರೆ ಕ್ಷುದ್ರಗ್ರಹ ಪಟ್ಟಿಯಲ್ಲೇ, ಕಲ್ಲುಮಣ್ಣಿನ ಕೆಳಗೆ, ಹಳೆಯ ಮಂಜು ಇನ್ನೂ ಉಳಿದಿದೆ.

ಈಗ ನಿಮ್ಮ ಜೆಮಿನಿಡ್. ಅದರ ಮೂಲ ಫೇಥಾನ್ ಎಂಬ ಕ್ಷುದ್ರಗ್ರಹ. ಅದು ಚೆಲ್ಲಿದ ಧೂಳಿನೊಳಗೆ ಭೂಮಿ ಹಾದುಹೋಗುವಾಗ ಕಾಣುವುದೇ ಆ ಉಲ್ಕಾಪಾತ. ಐದಾರು ಕಿ.ಮೀ. ಅಗಲ, 1983ರಲ್ಲಿ ಐರಾಸ್ ಉಪಗ್ರಹದ ಚಿತ್ರಗಳಲ್ಲಿ ಸಿಕ್ಕಿತು. ಒಂದೂವರೆ ವರ್ಷದೊಳಗೆ ಒಂದು ಸುತ್ತು ಮುಗಿಸುತ್ತದೆ. ಪ್ರತಿ ಸುತ್ತಿನಲ್ಲೂ ಸೂರ್ಯನಿಗೆ ಸುಮಾರು 2.1 ಕೋಟಿ ಕಿ.ಮೀ. ಹತ್ತಿರ ಹೋಗುತ್ತದೆ. ಬುಧ ಗ್ರಹವೇ ಸರಾಸರಿ 5.8 ಕೋಟಿ ಕಿ.ಮೀ. ದೂರದಲ್ಲಿರುವಾಗ ಇದರ ಪಾಡು ಊಹಿಸಿಕೊಳ್ಳಿ. ಆಗ ಅದರ ಮೈ 700 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಅಷ್ಟು ಶಾಖದಲ್ಲಿ ಮೇಲುಗಡೆ ಮಂಜು ಉಳಿಯುವ ಮಾತೇ ಇಲ್ಲ. ಆದರೂ ಆ ಹೊತ್ತಿನಲ್ಲಿ ಅದಕ್ಕೆ ಸಣ್ಣ ಬಾಲ ಬರುತ್ತದೆ! ಅದನ್ನು ಧೂಳು ಅಂದುಕೊಂಡಿದ್ದರು. 2023ರ ಅಧ್ಯಯನವೊಂದು ಅದು ಬಿಸಿಯಾದ ಕಲ್ಲಿನಿಂದ ಹೊರಬಿದ್ದ ಸೋಡಿಯಂ ಅನಿಲ ಎಂದು ತೋರಿಸಿತು.

ಹಾಗಾದರೆ ನಿಮ್ಮ ಪ್ರಶ್ನೆ ಇನ್ನೂ ಗಟ್ಟಿಯಾಯಿತು, ಅಲ್ವಾ? ಈಗ ಕಾಣುವ ಬಾಲದಿಂದ ಜೆಮಿನಿಡ್‌ನಷ್ಟು ಸಾಮಗ್ರಿ ಬರಲು ಸಾಧ್ಯವಿಲ್ಲ. ಹಿಂದೆಂದೋ ಫೇಥಾನ್ ಜೋರಾಗಿ ಒಡೆದಿರಬೇಕು, ಇಲ್ಲವೇ ಬೇಗನೆ ತಿರುಗಿ ತಿರುಗಿ ಮೈಯ ಚೂರುಗಳನ್ನು ಚೆಲ್ಲಿರಬೇಕು. ನನಗೆ ಇಂಥ ಒಂದೇ ದೊಡ್ಡ ಘಟನೆಯ ವಾದವೇ ಹೆಚ್ಚು ಸರಿ ಅನ್ನಿಸುತ್ತದೆ. ಆದರೆ ಹತ್ತಿರ ಹೋಗಿ ನೋಡುವ ತನಕ ಇದು ತೀರ್ಮಾನವಾಗುವುದು ಕಷ್ಟ.

ಪ್ರಶ್ನೆ: ಕ್ಷುದ್ರಗ್ರಹ ಪಟ್ಟಿ ಒಡೆದುಹೋದ ಒಂದು ಗ್ರಹವೇ? (ರಾಯಚೂರಿನ ಓದುಗರು)

ಅಲ್ಲ. ಅಲ್ಲಿರುವುದನ್ನೆಲ್ಲ ಗುಡ್ಡೆ ಹಾಕಿದರೂ ನಮ್ಮ ಚಂದ್ರನ ತೂಕದ ಶೇ 3ರಷ್ಟು ಆಗುತ್ತದೆ, ಅಷ್ಟೇ. ಅದರಲ್ಲೂ ಮೂರನೇ ಒಂದು ಪಾಲು ಸೆರೆಸ್ ಒಂದರದ್ದೇ. ಗುರು ಗ್ರಹದ ಸೆಳೆತದಿಂದಾಗಿ ಅಲ್ಲಿನ ಕಲ್ಲುಗಳು ನೆಮ್ಮದಿಯಾಗಿ ಕೂಡಿಕೊಳ್ಳಲು ಆಗಲೇ ಇಲ್ಲ. ಅದು ಕಟ್ಟದೇ ಉಳಿದ ಗ್ರಹ, ಒಡೆದ ಗ್ರಹವಲ್ಲ.

ಪ್ರಶ್ನೆ: ಭೂಮಿಗೆ ನೀರು ಧೂಮಕೇತುಗಳಿಂದ ಬಂತು ಎನ್ನುತ್ತಾರೆ. ನಿಜವೇ? (ಉಡುಪಿಯ ಓದುಗರು)

ಮೊದಲು ಹಾಗೇ ನಂಬಿದ್ದರು. ಪರೀಕ್ಷೆ ಮಾಡಲು ಒಂದು ದಾರಿಯಿದೆ. ನೀರಿನಲ್ಲಿ ಸ್ವಲ್ಪ ಭಾಗ ಡ್ಯೂಟೀರಿಯಂ ಎಂಬ ಭಾರದ ಹೈಡ್ರೋಜನ್ ಇರುತ್ತದೆ. ಅದರ ಪ್ರಮಾಣ ನೋಡಿ ಎರಡು ಕಡೆಯ ನೀರನ್ನು ಹೋಲಿಸಬಹುದು. 2014ರಲ್ಲಿ ರೊಸೆಟ್ಟಾ ನೌಕೆ 67ಪಿ ಧೂಮಕೇತುವಿನ ಆವಿಯನ್ನು ಅಳೆದಾಗ ಆ ಪ್ರಮಾಣ ನಮ್ಮ ಸಮುದ್ರದ ನೀರಿನ ಮೂರು ಪಟ್ಟು ಬಂತು. ಧೂಮಕೇತು ವಾದಕ್ಕೆ ಅದೊಂದು ಪೆಟ್ಟು. ಆದರೆ ಅದಕ್ಕೂ ಮುಂಚೆ, 2011ರಲ್ಲಿ, ಹಾರ್ಟ್ಲಿ-2 ಧೂಮಕೇತುವಿನ ನೀರು ನಮ್ಮ ಸಮುದ್ರಕ್ಕೆ ಹೊಂದಿತ್ತು. ಹಾಗಾಗಿ ಧೂಮಕೇತುಗಳನ್ನು ಪೂರ್ತಿ ಕೈಬಿಡುವ ಹಾಗೂ ಇಲ್ಲ.

ಈಗ ಹೆಚ್ಚಿನವರ ಒಲವು ಇಂಗಾಲ ತುಂಬಿದ ಕಪ್ಪು ಕ್ಷುದ್ರಗ್ರಹಗಳ ಕಡೆಗಿದೆ. ಅಂಥದ್ದೇ ಆದ ಬೆನ್ನು ಎಂಬ ಕ್ಷುದ್ರಗ್ರಹದಿಂದ 2023ರ ಸೆಪ್ಟೆಂಬರ್‌ನಲ್ಲಿ 121.6 ಗ್ರಾಂ ಮಣ್ಣು ಭೂಮಿಗೆ ಬಂತು. ಅದರಲ್ಲಿ ಉಪ್ಪುನೀರು ಒಣಗಿದಾಗ ಮಾತ್ರ ಉಳಿಯುವ ಲವಣಗಳಿದ್ದವು. ನಮ್ಮ ದೇಹದ ಪ್ರೋಟೀನುಗಳಲ್ಲಿರುವ 20 ಅಮೈನೊ ಆಮ್ಲಗಳ ಪೈಕಿ 14 ಕೂಡ ಇದ್ದವು. ಅರ್ಧ ಕಿ.ಮೀ. ಅಗಲದ ಕಲ್ಲುರಾಶಿ ಅದು. ಅದರ ತಾಯಿ ಕಾಯದೊಳಗೆ, ಅಂದರೆ ಅದು ಯಾವುದರಿಂದ ಒಡೆದು ಬಂತೋ ಆ ದೊಡ್ಡ ಕಾಯದೊಳಗೆ, ಹಿಂದೆ ನೀರು ಓಡಾಡಿತ್ತು.

ಪ್ರಶ್ನೆ: 2032ಕ್ಕೆ ಒಂದು ಕ್ಷುದ್ರಗ್ರಹ ಅಪ್ಪಳಿಸುತ್ತದೆ ಎಂದು ಟಿವಿಯಲ್ಲಿ ದಿನಾ ಹೇಳಿದರು, ಆಮೇಲೆ ಸದ್ದಿಲ್ಲ. ಮೊದಲು ಹೆದರಿಸಿ ಆಮೇಲೆ ಮುಚ್ಚಿಟ್ಟರೇ? (ಬೆಂಗಳೂರಿನ ಓದುಗರು)

ಮುಚ್ಚಿಟ್ಟಿಲ್ಲ, ಅದು ಲೆಕ್ಕದ ಸ್ವಭಾವ. 2024 ವೈಆರ್4 ಎಂಬ ಆ ಕಾಯ 2024ರ ಡಿಸೆಂಬರ್ ಕೊನೆಗೆ ಸಿಕ್ಕಿತು, ಸುಮಾರು 60 ಮೀಟರ್ ಅಗಲ. ಹೊಸದಾಗಿ ಸಿಕ್ಕ ಕಾಯದ ದಾರಿ ಖಚಿತವಾಗಿ ಗೊತ್ತಿರುವುದಿಲ್ಲ. 2032ರಲ್ಲಿ ಅದು ಇರಬಹುದಾದ ಜಾಗ ಲಕ್ಷಾಂತರ ಕಿ.ಮೀ. ಉದ್ದದ ಒಂದು ಪಟ್ಟಿ. ಭೂಮಿಯ ಅಗಲ ಸುಮಾರು 12,700 ಕಿ.ಮೀ. ಉದಾಹರಣೆಗೆ ಆ ಪಟ್ಟಿ 12.7 ಲಕ್ಷ ಕಿ.ಮೀ. ಇದ್ದರೆ ತಾಗುವ ಸಾಧ್ಯತೆ ಶೇ 1. ಹೆಚ್ಚು ವೀಕ್ಷಣೆ ಸಿಕ್ಕಿ ಪಟ್ಟಿ 4 ಲಕ್ಷಕ್ಕೆ ಇಳಿದು, ಭೂಮಿ ಇನ್ನೂ ಅದರೊಳಗೇ ಇದ್ದರೆ ಅದು ಶೇ 3 ದಾಟುತ್ತದೆ. ಅಪಾಯ ಜಾಸ್ತಿಯಾಗಿಲ್ಲ, ನಮ್ಮ ಅಂದಾಜು ಬಿಗಿಯಾಗಿದೆ ಅಷ್ಟೇ. ಪಟ್ಟಿ ಇನ್ನೂ ಕುಗ್ಗಿ ಭೂಮಿ ಹೊರಗೆ ಉಳಿದ ಕೂಡಲೇ ಸಂಖ್ಯೆ ಧಡಕ್ಕನೆ ಬಿದ್ದುಹೋಗುತ್ತದೆ. 2025ರ ಫೆಬ್ರುವರಿ 18ರಂದು ಶೇ 3.1 ತಲುಪಿದ್ದು ಅದೇ ತಿಂಗಳೊಳಗೆ ಹೆಚ್ಚುಕಡಿಮೆ ಸೊನ್ನೆಯಾಯಿತು. ಇಳಿದ ಸುದ್ದಿಗೆ ಟಿವಿಯಲ್ಲಿ ಬೆಲೆ ಕಡಿಮೆ, ಅದು ಬೇರೆ ಮಾತು.

ಭಯಕ್ಕಿಂತ ಕುತೂಹಲಕ್ಕೆ ಒಂದು ದಿನಾಂಕ ಬರೆದಿಟ್ಟುಕೊಳ್ಳಿ: 2029ರ ಏಪ್ರಿಲ್ 13. ಅಂದು ಅಪೋಫಿಸ್ ಎಂಬ ಕ್ಷುದ್ರಗ್ರಹ ನೆಲದಿಂದ ಸುಮಾರು 32,000 ಕಿ.ಮೀ. ಮೇಲೆ, ಟಿವಿ ಉಪಗ್ರಹಗಳಿಗಿಂತಲೂ ಕೆಳಗೆ ಹಾದುಹೋಗುತ್ತದೆ. ಭೂಮಿಗೆ ತಾಗುವುದಿಲ್ಲ.

ಪ್ರಶ್ನೆ: ನಾನು ಪಿಯುಸಿ ವಿದ್ಯಾರ್ಥಿನಿ. ನಾನೂ ಒಂದು ಕ್ಷುದ್ರಗ್ರಹ ಕಂಡುಹಿಡಿಯಬಹುದಾ? ಸಿಕ್ಕರೆ ನಮ್ಮ ನಾಯಿಯ ಹೆಸರು ಇಡಬಹುದಾ? (ಶಿವಮೊಗ್ಗ)

ಖಂಡಿತ ಪ್ರಯತ್ನಿಸಬಹುದು. ನಮ್ಮ ಕಡೆ ಇದಕ್ಕೆ ಹಳೆಯ ಪರಂಪರೆಯೇ ಇದೆ. 1861ರಲ್ಲಿ ನಾರ್ಮನ್ ಪಾಗ್ಸನ್ ಮದ್ರಾಸ್ ವೀಕ್ಷಣಾಲಯದಿಂದ ಒಂದನ್ನು ಹುಡುಕಿ ಅದಕ್ಕೆ 'ಏಷ್ಯಾ' ಎಂದು ಹೆಸರಿಟ್ಟರು. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಬೇರು ಅದೇ ವೀಕ್ಷಣಾಲಯದಲ್ಲಿದೆ. ಆ ಸಂಸ್ಥೆಯ ಆರ್. ರಾಜಮೋಹನ್ 1988ರಲ್ಲಿ ತಮಿಳುನಾಡಿನ ಕಾವಲೂರು ವೀಕ್ಷಣಾಲಯದಿಂದ ಪತ್ತೆ ಮಾಡಿದ ಕ್ಷುದ್ರಗ್ರಹಕ್ಕೆ ರಾಮಾನುಜನ್ ಹೆಸರಿದೆ.

ನಿಮಗೆ ದೂರದರ್ಶಕವೂ ಬೇಕಿಲ್ಲ. ಇಂಟರ್‌ನ್ಯಾಷನಲ್ ಆಸ್ಟ್ರೊನಾಮಿಕಲ್ ಸರ್ಚ್ ಕೊಲ್ಯಾಬರೇಷನ್ ಎಂಬ ಯೋಜನೆ ಹವಾಯಿಯ ಪ್ಯಾನ್-ಸ್ಟಾರ್ಸ್ ದೂರದರ್ಶಕದ ಚಿತ್ರಗಳನ್ನು ವಿದ್ಯಾರ್ಥಿ ತಂಡಗಳಿಗೆ ಪುಕ್ಕಟೆ ಕಳಿಸುತ್ತದೆ. ಒಂದೇ ಜಾಗದ ನಾಲ್ಕು ಚಿತ್ರಗಳಲ್ಲಿ ನಕ್ಷತ್ರಗಳು ನಿಂತಲ್ಲೇ ಇರುತ್ತವೆ, ಕ್ಷುದ್ರಗ್ರಹ ಸರಿಯುತ್ತದೆ. ಹುಡುಕುವುದು ಆ ಸರಿಯುವ ಚುಕ್ಕೆಯನ್ನು. ಸಿಕ್ಕ ಮೇಲೆ ತಾಳ್ಮೆ ಬೇಕು. ಕಕ್ಷೆ ಖಚಿತವಾಗಿ ನಂಬರ್ ಸಿಗಲು ಹಲವು ವರ್ಷ ಹಿಡಿಯುತ್ತದೆ, ಹೆಸರಿನ ಮಾತು ಆಮೇಲೆ. ದುಡ್ಡು ಕೊಟ್ಟರೆ ಹೆಸರು ಇಡಿಸುತ್ತೇವೆ ಎನ್ನುವವರನ್ನು ನಂಬಬೇಡಿ, ಆ ವ್ಯವಸ್ಥೆಯೇ ಇಲ್ಲ. ಹೆಸರು 16 ಅಕ್ಷರ ಮೀರಬಾರದು, ಒಪ್ಪುವುದು ಬಿಡುವುದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಸಮಿತಿಗೆ ಬಿಟ್ಟದ್ದು.

ನಾಯಿಯ ವಿಷಯದಲ್ಲಿ ಮಾತ್ರ ನಿಮಗಿಂತ ಮುಂಚೆ ಒಬ್ಬರು ಕೆಲಸ ಕೆಡಿಸಿದ್ದಾರೆ. ಜೇಮ್ಸ್ ಗಿಬ್ಸನ್ ಎಂಬ ಖಗೋಳಜ್ಞರು ತಾವು ಕಂಡುಹಿಡಿದ ಕ್ಷುದ್ರಗ್ರಹಕ್ಕೆ ತಮ್ಮ ಬೆಕ್ಕಿನ ಹೆಸರು, 'ಮಿಸ್ಟರ್ ಸ್ಪಾಕ್', ಇಟ್ಟರು. 2309ನೇ ನಂಬರಿನಲ್ಲಿ ಅದು ಇಂದಿಗೂ ಇದೆ. ಗಲಾಟೆಯಾಗಿ ಸಮಿತಿ ಅಂದಿನಿಂದ ಸಾಕುಪ್ರಾಣಿಗಳ ಹೆಸರು ಬೇಡ ಎನ್ನುತ್ತಿದೆ.