ಬೇಗ ಎಂದರೆ ಎಷ್ಟು ಬೇಗ?

ಡೊಂಬಿವಲಿಯ ಓದುಗರೊಬ್ಬರು ಬರೆದಿದ್ದಾರೆ:

"ಮಾನ್ಯ ಸಂಪಾದಕರೇ, ಬಂದರಿನಿಂದ ಸರಕು ಬಿಡಿಸಿಕೊಡುವ ಒಂದು ಸಣ್ಣ ಕ್ಲಿಯರಿಂಗ್ ಆಫೀಸಿನಲ್ಲಿ ನನಗೆ ಕೆಲಸ. ದಿನವಿಡೀ ಮೇಲ್ ಬರೆಯುವುದೇ ಆಗುತ್ತದೆ. ಕಳೆದ ತಿಂಗಳು ಒಂದು ಕಂಪನಿಯ ಅಧಿಕಾರಿಗೆ 'ದಯವಿಟ್ಟು ಆದಷ್ಟು ಬೇಗ ಕಾಗದಪತ್ರ ಕಳುಹಿಸಿ' ಎಂದು ಬರೆದೆ. ಉತ್ತರ ಬರಲಿಲ್ಲ. ಎರಡು ದಿನ ಬಿಟ್ಟು 'ಜೆಂಟಲ್ ರಿಮೈಂಡರ್' ಹಾಕಿದೆ. ಅದಕ್ಕೂ ಇಲ್ಲ. ಕೊನೆಗೆ ದೊಡ್ಡ ಅಕ್ಷರದಲ್ಲಿ 'ಅರ್ಜೆಂಟ್' ಎಂದು ಬರೆದು ಅವರ ಮೇಲಧಿಕಾರಿಗೂ ಪ್ರತಿ ಹಾಕಿದೆ. ಅರ್ಧ ಗಂಟೆಯಲ್ಲಿ ಕಾಗದ ಬಂತು. ಹಿಂದೆಯೇ ನಮ್ಮ ಯಜಮಾನರಿಗೆ ಫೋನೂ ಬಂತು, ನಿಮ್ಮ ಹುಡುಗಿಗೆ ಮಾತಾಡುವ ರೀತಿ ಗೊತ್ತಿಲ್ಲ ಎಂದು. ಮೆತ್ತಗೆ ಬರೆದರೆ ಕೆಲಸ ಆಗುವುದಿಲ್ಲ, ಗಟ್ಟಿಯಾಗಿ ಬರೆದರೆ ಮನಸ್ಸು ಕೆಡುತ್ತದೆ. ನಾನೇನು ಮಾಡಲಿ?"

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಮೊದಲ ಮೇಲ್ ಮೆತ್ತಗಾಯಿತೆಂದು ನೀವು ಅಂದುಕೊಂಡಿದ್ದೀರಿ. ನನಗೆ ಹಾಗನ್ನಿಸಲಿಲ್ಲ. ಅದರಲ್ಲಿ ತಾರೀಖು ಇರಲಿಲ್ಲ, ಅಷ್ಟೇ. ಯಾವ ಕಾಗದ ಬೇಕು, ಯಾವತ್ತಿನೊಳಗೆ ಬೇಕು, ಬಾರದಿದ್ದರೆ ಯಾರಿಗೆ ಏನು ನಷ್ಟ ಎನ್ನುವುದೆಲ್ಲ ನಿಮ್ಮ ತಲೆಯಲ್ಲಿತ್ತು. ಆ ಅಧಿಕಾರಿಯ ಕಣ್ಣಿಗೆ ಬಿದ್ದದ್ದು 'ಆದಷ್ಟು ಬೇಗ' ಮಾತ್ರ.

ಈ 'ಆದಷ್ಟು ಬೇಗ' ನನಗೂ ಒಮ್ಮೆ ಪಾಠ ಕಲಿಸಿದೆ. ದೀಪಾವಳಿ ವಿಶೇಷಾಂಕಕ್ಕಾಗಿ ಮಾಟುಂಗದಲ್ಲಿದ್ದ ಹಿರಿಯ ಲೇಖಕರೊಬ್ಬರಿಗೆ ಪತ್ರ ಬರೆದಿದ್ದೆ. ಅಷ್ಟು ದೊಡ್ಡವರಿಗೆ ಗಡುವು ಹಾಕುವುದು ಹೇಗೆ ಎಂಬ ಸಂಕೋಚದಿಂದ 'ತಮ್ಮ ಅನುಕೂಲ ನೋಡಿಕೊಂಡು ಆದಷ್ಟು ಬೇಗ' ಎಂದು ನಿಲ್ಲಿಸಿದೆ. ಪುಟಗಳು ಅಚ್ಚಿಗೆ ಹೋಗುವ ದಿನ ಬಂದರೂ ಲೇಖನ ಬರಲಿಲ್ಲ. ಆ ಜಾಗಕ್ಕೆ ಬೇರೇನೋ ಹಾಕಿ ಸಂಚಿಕೆ ತಂದೆವು. ಹಬ್ಬ ಮುಗಿದ ಮೇಲೆ ಅವರ ಮನೆಗೆ ಹೋದರೆ, ಮೇಜಿನ ಖಾನೆಯಿಂದ ದಾರ ಕಟ್ಟಿದ ಹದಿನಾಲ್ಕು ಹಾಳೆ ತೆಗೆದು ಕೈಗಿಟ್ಟರು. ಬರೆದು ಮೂರು ವಾರವಾಗಿತ್ತಂತೆ. ಇನ್ನೊಂದು ಸಲ ತಿದ್ದೋಣವೆಂದು ಇಟ್ಟುಕೊಂಡಿದ್ದರು. "ತಾರೀಖು ಬರೆಯಬಾರದಿತ್ತೇನಯ್ಯಾ? ಅವತ್ತೇ ಕೊಟ್ಟುಬಿಡುತ್ತಿದ್ದೆನಲ್ಲ" ಎಂದರು. ಬೇಸರ ಅವರಿಗೇ ಹೆಚ್ಚಾಗಿತ್ತು. ಮರ್ಯಾದೆ ಎಂದು ನಾನು ಭಾವಿಸಿದ್ದು ಅವರ ಲೇಖನವನ್ನೇ ಸಂಚಿಕೆಯಿಂದ ಹೊರಗಿಟ್ಟಿತು. ಅಂದಿನಿಂದ ಎಷ್ಟೇ ದೊಡ್ಡವರಿಗೆ ಬರೆದರೂ ದಿನ, ವಾರ, ಹೊತ್ತು ಬರೆಯುತ್ತೇನೆ. ಒಬ್ಬರೂ ಮುನಿಸಿಕೊಂಡಿಲ್ಲ.

ಇನ್ನು 'ಅರ್ಜೆಂಟ್' ಎಂಬ ಮಾತು. ಕರಾವಳಿಯ ಊರು ಬಿಟ್ಟು ಬಂದು ಮುಂಬಯಿಯ ಹೋಟೆಲುಗಳಲ್ಲಿ ದುಡಿದ ಹಳಬರನ್ನು ಕೇಳಿ ನೋಡಿ, ತಂತಿಯ ಕತೆ ಹೇಳುತ್ತಾರೆ. ತಂತಿಗೆ ಪದದ ಲೆಕ್ಕದಲ್ಲಿ ದುಡ್ಡು. ಹಾಗಾಗಿ 'ತಾಯಿ ಸೀರಿಯಸ್, ಕೂಡಲೇ ಹೊರಡು' ಎಂಬಷ್ಟೇ ಬರುತ್ತಿತ್ತು. ಆ ಕಾಗದ ಕಂಡರೆ ಅಡುಗೆಮನೆಯೇ ಸ್ತಬ್ಧವಾಗುತ್ತಿತ್ತು. ಆಮೇಲಾಮೇಲೆ, ಮಗನಿಗೆ ರಜೆ ಸಿಗಲೆಂದು ಹೆಣ್ಣು ನೋಡುವುದಕ್ಕೂ, ಜಾಗದ ಪಾಲಿಗೂ 'ಸೀರಿಯಸ್' ಎಂದೇ ತಂತಿ ಹೊಡೆಸತೊಡಗಿದರು. ಗಲ್ಲಾದಲ್ಲಿ ಕೂತ ಧಣಿಗಳು ನಂಬುವುದನ್ನು ಬಿಟ್ಟರು. ನಿಜವಾಗಿ ತಾಯಿ ಹಾಸಿಗೆ ಹಿಡಿದಾಗ ರಜೆ ಸಿಗದೆ ಒದ್ದಾಡಿದವರಿದ್ದಾರೆ. ಕೊಂಕಣ ರೈಲು ಪೂರ್ತಿ ಓಡತೊಡಗಿದ್ದು 1998ರಲ್ಲಿ. ಅದಕ್ಕೂ ಮುಂಚೆ ಊರು ಮುಟ್ಟಲು ಒಂದು ಹಗಲು ಒಂದು ರಾತ್ರಿ ಬಸ್ಸಿನಲ್ಲಿ ಕೂರಬೇಕಿತ್ತು. ಅಂಥ ದೂರದಲ್ಲಿ ಒಂದು ದಿನ ತಡವಾದರೆ ಮುಖ ನೋಡಲೂ ಸಿಗುತ್ತಿರಲಿಲ್ಲ. ತಂತಿ ಸೇವೆಯೇ 2013ರ ಜುಲೈಯಲ್ಲಿ ನಿಂತುಹೋಯಿತು, ಆದರೆ ನಿಮ್ಮ ಇನ್‌ಬಾಕ್ಸಿನಲ್ಲಿ 'ಅರ್ಜೆಂಟ್' ಎಂದು ಬಂದ ಮೇಲ್‌ಗಳನ್ನು ಎಣಿಸಿ, ಅದೇ ಕತೆ ಕಾಣಿಸುತ್ತದೆ. ಆ ಪದವನ್ನು ವರ್ಷಕ್ಕೊಂದೆರಡು ಸಲಕ್ಕೆಂದು ಎತ್ತಿಡಿ.

ಪದದ ಬದಲು ಕಾರಣ ಬರೆಯಿರಿ. ನಿಮ್ಮ ಕಸುಬಿನಲ್ಲಿ ಕಾರಣಕ್ಕೇನು ಬರವಿಲ್ಲ. ಹಡಗು ಮುಟ್ಟುವ ಹಿಂದಿನ ದಿನ ಮುಗಿಯುವುದರೊಳಗೆ ಬಿಲ್ ಆಫ್ ಎಂಟ್ರಿ, ಅಂದರೆ ಆಮದು ಸರಕಿನ ವಿವರವನ್ನು ಕಸ್ಟಮ್ಸ್‌ಗೆ ಸಲ್ಲಿಸುವ ಪತ್ರ, ಹಾಕಬೇಕು ಎಂಬ ನಿಯಮ 2021ರಿಂದ ಇದೆ. ತಪ್ಪಿದರೆ ಮೊದಲ 3 ದಿನ ದಿನಕ್ಕೆ 5,000 ರೂಪಾಯಿ, ಆಮೇಲೆ ದಿನಕ್ಕೆ 10,000. ಇದು ನಿಮಗೆ ಬಾಯಿಪಾಠ. ಆ ಅಧಿಕಾರಿಗೆ ಗೊತ್ತಿತ್ತೋ ಇಲ್ಲವೋ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

"ವಿಷಯ: ಇನ್‌ವಾಯ್ಸ್ ಮತ್ತು ಪ್ಯಾಕಿಂಗ್ ಲಿಸ್ಟ್, ಬುಧವಾರ ಸಂಜೆ 5ರೊಳಗೆ.

ಮಾನ್ಯರೇ, ನಿಮ್ಮ ಸರಕಿನ ಹಡಗು ಶುಕ್ರವಾರ ನ್ಹಾವಾ ಶೇವಾ ಮುಟ್ಟುತ್ತದೆ. ಗುರುವಾರವೇ ಬಿಲ್ ಆಫ್ ಎಂಟ್ರಿ ಹಾಕಬೇಕು. ತಪ್ಪಿದರೆ ನಿಮಗೆ ದಿನಕ್ಕೆ 5,000 ರೂಪಾಯಿಯಂತೆ ದಂಡ ಬೀಳುತ್ತದೆ. ಹಾಗಾಗದಿರಲೆಂದು ಕೇಳುತ್ತಿದ್ದೇನೆ. ಎರಡೂ ಕಾಗದ ಬುಧವಾರ ಸಂಜೆ 5ರೊಳಗೆ ಕಳುಹಿಸಿಕೊಡಿ. ಅಷ್ಟರಲ್ಲಿ ಕಷ್ಟವೆನಿಸಿದರೆ ಯಾವುದು ಯಾವಾಗ ಸಿಗಬಹುದೆಂದು ಒಂದು ಸಾಲು ತಿಳಿಸಿ, ಮುಂದಿನ ಏರ್ಪಾಡು ನಾನು ಮಾಡುತ್ತೇನೆ."

ಇದರಲ್ಲಿ 'ಬೇಗ' ಇಲ್ಲ, 'ತುರ್ತು' ಇಲ್ಲ, 'ದಯವಿಟ್ಟು' ಕೂಡ ಇಲ್ಲ. ಆದರೂ ಓದಿದವರಿಗೆ ಒರಟೆನಿಸುವುದಿಲ್ಲ. 'ಕಳುಹಿಸಿ' ಎನ್ನುವಲ್ಲಿ 'ಕಳುಹಿಸಿಕೊಡಿ' ಎಂದದ್ದನ್ನು ಗಮನಿಸಿ. 'ಮಾಡಿ' ಎಂದರೆ ಅಪ್ಪಣೆ, 'ಮಾಡಿಕೊಡಿ' ಎಂದಾಗ ನನಗಾಗಿ ಮಾಡುತ್ತಿದ್ದೀರಿ ಎಂಬ ಕೃತಜ್ಞತೆ ಕ್ರಿಯಾಪದದೊಳಗೇ ಬಂದು ಕೂರುತ್ತದೆ. ಮನೆಯಲ್ಲಿ, ಅಂಗಡಿಯಲ್ಲಿ ನಾವು 'ದಯವಿಟ್ಟು' ಎನ್ನುವುದು ಅಪರೂಪ. 'ಸ್ವಲ್ಪ ನೋಡಿ', 'ಒಂದು ಕಾಗದ ಬೇಕಿತ್ತು', 'ನಾಳೆ ಸಿಗಬಹುದೇ' ಎಂದೇ ಕೆಲಸ ಸಾಗಿಸುತ್ತೇವೆ. ಈ 'ಬೇಕಿತ್ತು' ಎಂಬುದು ನನಗೆ ಬಹಳ ಇಷ್ಟದ ಪ್ರಯೋಗ. ಇವತ್ತಿನ ಅಗತ್ಯವನ್ನು ಭೂತಕಾಲದಲ್ಲಿ ಹೇಳಿ ಎದುರಿನವರ ಮೇಲಿನ ಭಾರ ಇಳಿಸುತ್ತೇವೆ. ಎದುರುಬದುರು ಕೂತಾಗ ಅದು ಚೆನ್ನ. ಗಡುವಿರುವ ಪತ್ರದಲ್ಲಿ ಮಾತ್ರ ಬೇಡ, ಈಗ ಬೇಡವೇನೋ ಎಂದು ಅರ್ಥವಾದೀತು.

ನಿಮ್ಮ ಆಫೀಸಿನಲ್ಲಿ ಇಂಗ್ಲಿಷ್, ಮರಾಠಿಯ ಪತ್ರಗಳೇ ಹೆಚ್ಚಿರಬೇಕು. ಅಲ್ಲೂ ಇದೇ ಕ್ರಮ ನಡೆಯುತ್ತದೆ. 'ಲವಕರಾತ ಲವಕರ' ಎನ್ನುವುದೂ 'ಎಟ್ ದಿ ಅರ್ಲಿಯೆಸ್ಟ್' ಎನ್ನುವುದೂ ನಮ್ಮ 'ಆದಷ್ಟು ಬೇಗ'ದ ಅಕ್ಕತಂಗಿಯರೇ. 'ಜೆಂಟಲ್ ರಿಮೈಂಡರ್' ಬಗ್ಗೆ ಒಂದು ಮಾತು: ಮತ್ತೆ ನೆನಪಿಸುವಾಗ ಹಳೆಯ ಮೇಲನ್ನೇ ತಳ್ಳಬೇಡಿ. ಆಗಿನಿಂದ ಈಚೆಗೆ ಏನು ಬದಲಾಯಿತೆಂದು ಬರೆಯಿರಿ. 'ಹಡಗು ಒಂದು ದಿನ ಮುಂಚೆಯೇ ಬರುತ್ತಿದೆ' ಎಂಬ ಸಾಲು ಓದುವಂತೆ ಮಾಡುತ್ತದೆ. 'ನೀವು ಇನ್ನೂ ಕಳುಹಿಸಿಲ್ಲ' ಎನ್ನುವುದಕ್ಕಿಂತ 'ಕಾಗದ ಇನ್ನೂ ಕೈಸೇರಿಲ್ಲ' ಎಂದರೆ ಬೆರಳು ಮನುಷ್ಯನ ಕಡೆ ತಿರುಗುವುದಿಲ್ಲ. ಎರಡು ಗಂಟೆಯೊಳಗೆ ಆಗಬೇಕಾದ ಕೆಲಸವಾದರೆ ಮೇಲ್ ನೆಚ್ಚಬೇಡಿ, ಫೋನ್ ಮಾಡಿ. ಮಾತಾಡಿದ್ದನ್ನು ಆಮೇಲೆ ಎರಡು ಸಾಲಿನಲ್ಲಿ ಬರೆದು ಕಳುಹಿಸಿ.

ಬಾಕಿ ಹಣದ ಪತ್ರಗಳನ್ನೂ ನೀವೇ ಬರೆಯುವವರಾದರೆ ಇದು ಉಪಯೋಗಕ್ಕೆ ಬಂದೀತು. ಸಣ್ಣ ಉದ್ಯಮಗಳಿಗಾಗಿ 2006ರಲ್ಲಿ ಬಂದ ಕಾಯ್ದೆಯಂತೆ, ನೋಂದಾಯಿಸಿದ ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು ಒಪ್ಪಂದದಲ್ಲಿ ಏನೇ ಬರೆದಿದ್ದರೂ 45 ದಿನ ಮೀರಿ ಉಳಿಸಿಕೊಳ್ಳುವಂತಿಲ್ಲ. ನಿಮ್ಮ ಆಫೀಸು ನೋಂದಾಯಿತವಾಗಿದ್ದರೆ 'ಈ ಬಿಲ್ಲಿಗೆ 45 ದಿನ ಇದೇ 18ಕ್ಕೆ ತುಂಬುತ್ತದೆ' ಎಂದು ಬರೆದು ಸುಮ್ಮನಾಗಿ. ಸಿಟ್ಟಿನ ಒಂದಕ್ಷರವೂ ಬೇಕಾಗುವುದಿಲ್ಲ.

ಈಗ ಮನಸ್ಸು ನೊಂದ ವಿಷಯ. ಆ ಅಧಿಕಾರಿಗೆ ನೋವಾದದ್ದು ದೊಡ್ಡ ಅಕ್ಷರದಿಂದ ಇರಲಾರದು. ಮೇಲಧಿಕಾರಿಗೆ ಹೋದ ಪ್ರತಿಯಿಂದ. ಅವರಿಗೆ ಒಂದು ಫೋನೂ ಮಾಡದೆ ಅವರ ತಲೆಯ ಮೇಲಿಂದ ಹೋದಿರಿ, ಅವಸರದ ಪತ್ರ ಅಲ್ಲಿಗೆ ದೂರಿನ ಪತ್ರವಾಯಿತು. ಮೇಲಿನವರಿಗೆ ಬರೆಯುವ ಹೊತ್ತು ಕೆಲವೊಮ್ಮೆ ಬರುತ್ತದೆ, ಒಪ್ಪುತ್ತೇನೆ. ಬಂದರೆ ಮೊದಲು ಅವರಿಗೇ ಹೇಳಿ: 'ಸಂಜೆಯೊಳಗೆ ದಾರಿ ಕಾಣದಿದ್ದರೆ ನಿಮ್ಮ ಸಾಹೇಬರಿಗೂ ತಿಳಿಸಬೇಕಾಗುತ್ತದೆ, ಸರಕು ನಿಲ್ಲಬಾರದಲ್ಲ.' ಹೇಳಿ ಮಾಡಿದರೆ ಬೆನ್ನ ಹಿಂದೆ ಮಾಡಿದಂತಾಗುವುದಿಲ್ಲ. ನಿಮ್ಮನ್ನು ಕುರಿತು ಅವರು ಆಡಿದ ಮಾತೂ ತಪ್ಪೇ. ಕಾಗದ ತಡವಾದದ್ದು ಅವರಿಂದ, ರೀತಿಯ ಪಾಠ ನಿಮಗೆ. ಅದನ್ನು ನುಂಗಿಕೊಂಡಿದ್ದೀರಿ, ನನಗೆ ಅರ್ಥವಾಗುತ್ತದೆ.

ಆದರೂ ಅದೇ ಕಂಪನಿಯ ಸರಕು ಮತ್ತೆ ಬರುತ್ತದೆ, ಅದೇ ಮನುಷ್ಯರ ಜೊತೆ ಕೆಲಸ. ಮುಂದಿನ ಹಡಗಿನ ಸುದ್ದಿ ಬರುವ ಮುಂಚೆಯೇ ಅವರೊಬ್ಬರಿಗೇ, ಯಾರಿಗೂ ಪ್ರತಿ ಹಾಕದೆ, ಎರಡು ಸಾಲು ಬರೆಯಿರಿ: 'ಕಳೆದ ಸಲ ನಿಮಗೆ ಮೊದಲು ಫೋನ್ ಮಾಡಬೇಕಿತ್ತು. ಮುಂದಿನ ಸರಕಿಗೆ ಬೇಕಾಗುವ ಕಾಗದಗಳ ಪಟ್ಟಿ ಇದರ ಜೊತೆ ಇದೆ, ಹಡಗಿನ ತಾರೀಖು ಸಿಕ್ಕ ದಿನವೇ ನಿಮಗೆ ತಿಳಿಸುತ್ತೇನೆ.'

ಏನು ಉತ್ತರ ಬಂತೆಂದು ನಮಗೂ ಬರೆಯಿರಿ. ಮುಂದಿನ ಸಂಚಿಕೆಯ ಪುಟಗಳು 20ನೇ ತಾರೀಖು ಅಚ್ಚಿಗೆ ಹೋಗುತ್ತವೆ, 15ರೊಳಗೆ ನಿಮ್ಮ ಪತ್ರ ಸಿಕ್ಕರೆ ಸೇರಿಸಿಕೊಳ್ಳುತ್ತೇವೆ.

— ಸಂಪಾದಕ