ನಾಳದೊಳಗಿನ ಸ್ಪ್ರಿಂಗ್, ಜಾತ್ರೆಯ ಬೆಂಡೋಲೆ

ಪ್ರಶ್ನೆ: ನನಗೆ 43 ವರ್ಷ, ಊರು ಶಿರಸಿ ಹತ್ತಿರ. ಯಜಮಾನರ ಕೆಲಸದಿಂದಾಗಿ ಅಮೆರಿಕದಲ್ಲಿದ್ದಾಗ, 2014ರಲ್ಲಿ, ಮಕ್ಕಳು ಸಾಕು ಅಂತ ಎರಡೂ ಗರ್ಭನಾಳದೊಳಗೆ ಸಣ್ಣ ಸ್ಪ್ರಿಂಗ್ ಹಾಕಿಸಿಕೊಂಡೆ. ಹೊಟ್ಟೆ ಕೊಯ್ಯಲಿಲ್ಲ, ಅದೇ ದಿನ ಮನೆಗೆ ಬಂದೆ. ಅದರ ಹೆಸರು ನೆನಪಿಲ್ಲ. ನಾಲ್ಕು ವರ್ಷದಿಂದ ಬಲಗಡೆ ಕಿಬ್ಬೊಟ್ಟೆಯಲ್ಲಿ ಚುಚ್ಚಿದ ಹಾಗೆ ನೋವು, ಮುಟ್ಟು ಹತ್ತು ದಿನ ನಿಲ್ಲುವುದಿಲ್ಲ, ಮೈ ತುರಿಕೆ. ಇಲ್ಲಿ ತೋರಿಸಿದರೆ ಕಾಪರ್ ಟಿ ಇರಬೇಕು ಎಂದರು. ಇನ್ನೊಬ್ಬರು ಗರ್ಭಕೋಶವನ್ನೇ ತೆಗೆಸಿಬಿಡಿ ಎಂದರು. ಅತ್ತೆ, ಈ ವಯಸ್ಸಿಗೆ ಎಲ್ಲರಿಗೂ ಹೀಗೇ ಅಂತಾರೆ. ಇನ್ನೊಂದು ಮಾತು, ಚಿಕ್ಕವಳಿದ್ದಾಗ ಮಾರಿಕಾಂಬಾ ಜಾತ್ರೆಯಲ್ಲಿ ಕೊಂಡ ಬೆಂಡೋಲೆ ಹಾಕಿದರೆ ಕಿವಿ ಕೆಂಪಾಗಿ ನೀರು ಒಸರುತ್ತಿತ್ತು. ಅದಕ್ಕೂ ಇದಕ್ಕೂ ಸಂಬಂಧ ಉಂಟಾ?

ಉತ್ತರ: ಬೆಂಡೋಲೆ ವಿಷಯ ಕೊನೆಗೆ ಬರೆದಿದ್ದೀರಿ, ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಅಗ್ಗದ ಒಡವೆಯಲ್ಲಿ ನಿಕ್ಕಲ್ ಇರುತ್ತದೆ. ಅದು ಒಗ್ಗದವರಿಗೆ ಕಿವಿ ಒಸರುತ್ತದೆ, ವಾಚಿನ ಹಿಂಬದಿ ತಾಗಿದಲ್ಲಿ, ಜೀನ್ಸ್ ಗುಂಡಿ ತಾಗಿದಲ್ಲಿ ತುರಿಸುತ್ತದೆ. ನೀವು ಹೇಳುವಂಥ ಸ್ಪ್ರಿಂಗ್‌ಗಳಲ್ಲಿ ಹೆಸರುವಾಸಿಯಾದದ್ದು ಎಶ್ಯೂರ್, ಅದರ ಹೊರಸುರುಳಿ ನಿಕ್ಕಲ್ ಮತ್ತು ಟೈಟಾನಿಯಂ ಬೆರೆತ ಲೋಹ. ಹಾಗಾಗಿ ಸಂಬಂಧ ಇರಬಹುದು. ಇದೆ ಅಂತ ಪತ್ರ ಓದಿ ಹೇಳಲಾರೆ. ಚರ್ಮದ ಡಾಕ್ಟರ ಹತ್ತಿರ ಬೆನ್ನಿಗೆ ಪಟ್ಟಿ ಅಂಟಿಸಿ ನೋಡುವ ಅಲರ್ಜಿ ಪರೀಕ್ಷೆ ಮಾಡಿಸಿ.

ಈ ಎಶ್ಯೂರ್ ಕಥೆ ಸ್ವಲ್ಪ ಹೇಳಬೇಕು. ಸುಮಾರು 4 ಸೆಂಟಿಮೀಟರ್ ಉದ್ದ, ನೋಡಲು ಬಾಲ್‌ಪೆನ್ನಿನ ಸ್ಪ್ರಿಂಗ್ ಹಾಗೆ. ಒಳಗೆ ಪಾಲಿಯೆಸ್ಟರ್ ಎಳೆಗಳು. ಆ ಎಳೆಗಳು ನಾಳವನ್ನು ಕೆರಳಿಸಿ ಸುತ್ತ ಗಾಯದ ಗಂಟು ಬೆಳೆಸುತ್ತವೆ, ಮೂರು ತಿಂಗಳಲ್ಲಿ ದಾರಿ ಮುಚ್ಚುತ್ತದೆ. ಅಂದರೆ ಕೆರಳಿಸುವುದೇ ಅದರ ಕೆಲಸ! ಅಮೆರಿಕದಲ್ಲಿ 2002ರಲ್ಲಿ ಒಪ್ಪಿಗೆ ಸಿಕ್ಕಿತು. ಕೊಯ್ಯೋದಿಲ್ಲ, ಹೊಲಿಗೆ ಇಲ್ಲ ಅಂದರೆ ಯಾರಿಗೆ ಬೇಡ? ಆಮೇಲೆ ದೂರು ಬರತೊಡಗಿದವು: ಬಿಡದ ನೋವು, ಸ್ಪ್ರಿಂಗ್ ನಾಳ ತೂತು ಮಾಡಿದ್ದು, ಜಾಗ ಬಿಟ್ಟು ಹೊಟ್ಟೆಯೊಳಗೆ ಸರಿದದ್ದು, ಅಷ್ಟಾದರೂ ಬಸುರಾದದ್ದು. 2016ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಅದರ ಮಾಹಿತಿ ಪತ್ರದಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. 2018ರ ಕೊನೆಗೆ ಮಾರಾಟ ನಿಂತಿತು. 2020ರಲ್ಲಿ ಅದನ್ನು ಮಾರುತ್ತಿದ್ದ ಬೇಯರ್ ಕಂಪನಿ, ತಪ್ಪು ಒಪ್ಪಿಕೊಳ್ಳದೆ, ಸುಮಾರು 39,000 ಮಹಿಳೆಯರ ಪೈಕಿ ಹೆಚ್ಚಿನವರ ದಾವೆ ಮುಗಿಸಲು 160 ಕೋಟಿ ಡಾಲರ್ ಕೊಡಲು ಒಪ್ಪಿತು. ಅತ್ತೆಯವರಿಗೆ ಇಷ್ಟು ಓದಿ ಹೇಳಿ.

ಆದರೆ ಎಲ್ಲ ನೋವೂ ಸ್ಪ್ರಿಂಗಿನದೇ ಅಂತಲೂ ತಿಳಿಯಬೇಡಿ. 43ಕ್ಕೆ ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ) ಇರಬಹುದು, ಸೋಂಕು ಇರಬಹುದು. ಮೊದಲು ಹೊಟ್ಟೆಯ ಕೆಳಭಾಗದ ಒಂದು ಎಕ್ಸ್‌ರೇ, ಜೊತೆಗೆ ಸ್ಕ್ಯಾನಿಂಗ್. ಎಕ್ಸ್‌ರೇಯಲ್ಲಿ ಸುರುಳಿ ಬೆಳ್ಳಗೆ ಕಾಣುತ್ತದೆ, ಎರಡಿದೆಯಾ, ತಮ್ಮ ತಮ್ಮ ಜಾಗದಲ್ಲಿವೆಯಾ ಗೊತ್ತಾಗುತ್ತದೆ. ಎಂಆರ್‌ಐ ಬರೆದುಕೊಟ್ಟರೆ ಒಳಗೆ ಲೋಹ ಇದೆ ಅಂತ ಮೊದಲೇ ಹೇಳಿ. ಹಾಕಿಸಿದಾಗ ಕೊಟ್ಟ ಕಾರ್ಡು ಹಳೇ ಸೂಟ್‌ಕೇಸಿನಲ್ಲಾದರೂ ಇದ್ದೀತು, ಹುಡುಕಿ. ಹೆಸರು ಗೊತ್ತಾದರೆ ಅರ್ಧ ಕೆಲಸ ಆದಂತೆ.

ತೆಗೆಸಲೇಬೇಕು ಅಂತಾದರೆ, ಗರ್ಭಕೋಶ ತೆಗೆಯುವುದೊಂದೇ ದಾರಿಯಲ್ಲ. ಬಹಳ ಸಲ ಎರಡು ನಾಳಗಳನ್ನು ಸ್ಪ್ರಿಂಗ್ ಸಮೇತ ತೆಗೆದರೆ ಸಾಕಾಗುತ್ತದೆ. ಸುಮ್ನೆ ಹಿಡಿದು ಎಳೆಯುವ ಹಾಗಿಲ್ಲ, ಸುರುಳಿ ತುಂಡಾಗಿ ಒಳಗೇ ಉಳಿಯಬಹುದು. ಆದ್ದರಿಂದ ಆಪರೇಷನ್‌ಗೆ ಮುಂಚೆ "ತುಂಡು ಉಳಿದಿಲ್ಲ ಅಂತ ಎಕ್ಸ್‌ರೇ ತೆಗೆದು ನೋಡ್ತೀರಾ?" ಎಂದು ಕೇಳಿ. ಲ್ಯಾಪ್ರೋಸ್ಕೋಪಿಯಲ್ಲಿ (ಸಣ್ಣ ತೂತಿನಿಂದ ಕ್ಯಾಮೆರಾ ಬಿಟ್ಟು ಮಾಡುವ ಆಪರೇಷನ್) ಪಳಗಿದವರ ಹತ್ತಿರವೇ ಹೋಗಿ, ಮಣಿಪಾಲವೋ ಹುಬ್ಬಳ್ಳಿಯೋ. ಬ್ಯಾಗು ಹಿಡಿದು ಜಿಲ್ಲೆ ದಾಟುವುದು ನಮಗೇನು ಹೊಸದಲ್ಲ, ಅಲ್ವಾ?

ಪ್ರಶ್ನೆ: ಅಂಕೋಲೆಯವಳು. ಸರ್ಕಾರಿ ಶಿಬಿರದಲ್ಲಿ ರಿಂಗ್ ಹಾಕಿ ಆಪರೇಷನ್ ಮಾಡಿದ್ದಾರೆ. ಅಮೆರಿಕದ ಸ್ಪ್ರಿಂಗ್ ಸುದ್ದಿ ಕೇಳಿ ಹೆದರಿಕೆಯಾಗಿದೆ. ನನ್ನದೂ ಅದೇನಾ?

ಉತ್ತರ: ಅಲ್ಲ. ನಿಮ್ಮದು ಫ್ಯಾಲೋಪ್ ರಿಂಗ್, ಸಿಲಿಕೋನಿನ ಪುಟ್ಟ ಬಳೆ. ನಾಳವನ್ನು ಹೊರಗಿನಿಂದ ಮಡಚಿ ಬಿಗಿಯುತ್ತದೆ, ನಿಕ್ಕಲ್ ಇಲ್ಲ. ನೋವಿಲ್ಲದಿದ್ದರೆ ಅದರ ಪಾಡಿಗೆ ಬಿಡಿ. ಒಂದೇ ಎಚ್ಚರ: ಯಾವ ಆಪರೇಷನ್ನೂ ನೂರಕ್ಕೆ ನೂರಲ್ಲ, ಮೊದಲ ವರ್ಷದಲ್ಲೇ ಸಾವಿರಕ್ಕೆ ಸುಮಾರು ಐದು ಜನ ಬಸುರಾಗುತ್ತಾರೆ. ಹಾಗೆ ನಿಂತ ಬಸಿರು ನಾಳದಲ್ಲೇ ಬೆಳೆಯುವ ಸಂಭವ ಜಾಸ್ತಿ. ಮುಟ್ಟು ತಪ್ಪಿ, ಒಂದು ಪಕ್ಕ ನೋವು ಬಂದು ತಲೆ ಸುತ್ತಿದರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ 108ಕ್ಕೆ ಫೋನ್ ಮಾಡಿ. "ಆಪರೇಷನ್ ಆಗಿದೆ, ಬಸುರಿರಲಿಕ್ಕಿಲ್ಲ" ಅಂತ ಯಾರಾದರೂ ಅಂದರೂ ಮೂತ್ರ ಪರೀಕ್ಷೆ ಮಾಡಿಸದೆ ಆಸ್ಪತ್ರೆಯಿಂದ ಏಳಬೇಡಿ.